ಐವತ್ತೈದಕ್ಕೆ ನಿಂತ ಎಣಿಕೆ

1976ನೇ ಇಸವಿ ಜುಲೈ 4, ಭಾನುವಾರ. ಬೆಳಿಗ್ಗೆ 6 ಗಂಟೆ 20 ನಿಮಿಷ. ದೊಡ್ಡಬಳ್ಳಾಪುರ.

ಅಮೆರಿಕ ದೇಶ ತಾನು ಸ್ವತಂತ್ರವೆಂದು ಸಾರಿಕೊಂಡು ಇವತ್ತಿಗೆ ಇನ್ನೂರು ವರ್ಷ. ನಮ್ಮ ಊರಿನಲ್ಲಿ ಈ ಲೆಕ್ಕ ಇಟ್ಟುಕೊಂಡಿದ್ದವರು ಒಬ್ಬರೇ ಒಬ್ಬರು. ಅವರು ಕಳೆದ ತಿಂಗಳು 13ನೇ ತಾರೀಖು ತೀರಿಕೊಂಡರು. ಮೂರು ವಾರ ಉಳಿದಿದ್ದರೆ ಈ ಹೊತ್ತಿಗೆ ನಮ್ಮ ಮನೆಯ ಮುಂದೆ ನಿಂತು, ‘ಏನಪ್ಪಾ, ಇವತ್ತು ಏನು ದಿನ ಹೇಳು’ ಎಂದು ಕೇಳಿಯೇ ಕೇಳುತ್ತಿದ್ದರು. ಆದ್ದರಿಂದ ಬೇರೆ ಕೆಲಸ ಬಿಟ್ಟು ಬರೆಯಲು ಕೂತಿದ್ದೇನೆ.

ಅವರು ಹೈಸ್ಕೂಲಿನಲ್ಲಿ ನಮಗೆ ಚರಿತ್ರೆ ಹೇಳಿಕೊಟ್ಟ ಮೇಷ್ಟ್ರು. ನಂದಗುಡಿ ಕಡೆಯವರು, ಓದುವುದಕ್ಕೆ ಬಂದು ಇಲ್ಲೇ ನಿಂತವರು. ಹೆಸರು ಬರೆಯುವುದಿಲ್ಲ. ಯಾಕೆಂಬುದು ಓದುತ್ತಾ ಹೋದರೆ ತಿಳಿಯುತ್ತದೆ.

ನನ್ನ ಬಳಿ 1964ರಿಂದ ಬರೆದ ಹನ್ನೆರಡು ದಿನಚರಿ ಪುಸ್ತಕಗಳಿವೆ, ಹದಿಮೂರನೆಯದು ನಡೆಯುತ್ತಿದೆ. ಈ ಅಭ್ಯಾಸ ಹಚ್ಚಿದವರೂ ಅವರೇ. ಒಂಬತ್ತನೇ ತರಗತಿಯಲ್ಲಿ ನಾನು ಏನೋ ಒಂದು ಸಂಗತಿಯನ್ನು ‘ಹೋದ ವರ್ಷ ಯಾವಾಗಲೋ’ ಎಂದು ಹೇಳಹೊರಟೆ. ‘ತಾರೀಖು ಇಲ್ಲದ ಮಾತನ್ನ ನನ್ನ ಕ್ಲಾಸಲ್ಲಿ ಆಡಬೇಡ, ಹೊರಗೆ ಹೋಗಿ ಆಡು’ ಎಂದರು. ಮಾರನೆಯ ದಿನವೇ ನೂರು ಪುಟದ ನೋಟ್‌ಬುಕ್ ತಂದು ಬರೆಯಲು ಶುರು ಮಾಡಿದೆ. ಮೊನ್ನೆ ಕೂತು ಎಣಿಸಿದೆ. ಹನ್ನೆರಡು ಪುಸ್ತಕಗಳಲ್ಲಿ ಅವರ ಮಾತು 143 ಕಡೆ ಬರುತ್ತದೆ.

ತೆಳ್ಳಗಿನ ಮನುಷ್ಯ. ಕತ್ತಿನವರೆಗೆ ಗುಂಡಿ ಹಾಕಿದ ಕೋಟು. ಸೀಮೆಸುಣ್ಣವನ್ನು ಉಗುರಿನಷ್ಟಾಗುವವರೆಗೂ ಬಳಸಿ, ಉಳಿದ ಚೂರನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಹೀಗಾಗಿ ಕೋಟಿನ ಬಲಜೇಬು ಸದಾ ಬೆಳ್ಳಗಿರುತ್ತಿತ್ತು. ಸಿಟ್ಟು ಬಂದರೆ ದನಿ ಇನ್ನೂ ಮೆತ್ತಗಾಗುತ್ತಿತ್ತು. ಹೊಡೆದದ್ದನ್ನು ನಾನು ಕಂಡಿಲ್ಲ.

ಊರಿನವರಿಗೆ ಅವರು ತಮಾಷೆಯ ವಸ್ತುವಾಗಿದ್ದು ಒಂದೇ ಕಾರಣಕ್ಕೆ. ಯಾವ ಕಾಗದವನ್ನಾದರೂ ಎರಡು ಸಲ ಓದದೆ ಅವರು ಸಹಿ ಹಾಕುತ್ತಿರಲಿಲ್ಲ. ಸಂಬಳದ ಪುಸ್ತಕ, ರೇಷನ್ ಕಾರ್ಡಿನ ಅರ್ಜಿ, ಹಾಜರಿ ಪಟ್ಟಿ, ಯಾವುದಾದರೂ ಸರಿ. 1964ರ ನವೆಂಬರಿನಲ್ಲಿ ಒಂದು ದಿನ ರಿಜಿಸ್ಟರ್ ಕಾಗದ ತಂದ ಪೋಸ್ಟಿನವನು ನಮ್ಮ ತರಗತಿಯ ಬಾಗಿಲಲ್ಲೇ ಒದ್ದಾಡಿದ.

‘ಸಾಮಿ, ಅದ್ರಲ್ಲಿ ಓದಾಕೆ ಏನೈತೆ? ಕಾಗ್ದ ಬಂತು ಅಂತ ಐತೆ. ಬೇಗ ಹಾಕಿ ಸಾಮಿ, ಇನ್ನೂ ಹದಿನೇಳು ಮನೆ ಐತೆ.’

‘ಓದಿದ ಮೇಲೂ ತಪ್ಪು ಮಾಡಬಹುದು ಕಣಪ್ಪ. ಓದದೇ ಇದ್ರೆ ಕೇಳಬೇಕೇ?’ ಎಂದು ಮೇಷ್ಟ್ರು ಎರಡನೇ ಸಲ ಮೊದಲಿನಿಂದ ಓದಲು ಶುರು ಮಾಡಿದರು.

ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ನನ್ನ ಗೆಳೆಯನೊಬ್ಬ, ಬಾಯಿಗೆ ಬೀಗವಿಲ್ಲದವನು, ಪಿಸುಗುಟ್ಟಿದ. ‘ಲೇ, ನೆನ್ನೆ ನೆಲಮಂಗಲದ ಬಸ್ಸಲ್ಲಿ ಟಿಕೇಟನ್ನೂ ಎರಡ್ ಸಲ ಓದಿದ್ರು ಕಣೋ. ಇಳಿಯೋ ಜಾಗನೇ ತಪ್ಪೋಯ್ತು!’

ಅಮೆರಿಕದ ಸ್ವಾತಂತ್ರ್ಯ ಹೋರಾಟಕ್ಕೆ ನಮ್ಮ ಪಠ್ಯಪುಸ್ತಕದಲ್ಲಿದ್ದುದು ಒಂದೂವರೆ ಪುಟ. ಮೇಷ್ಟ್ರು ಅದಕ್ಕೆ ತೆಗೆದುಕೊಂಡದ್ದು ಒಂಬತ್ತು ಪಿರಿಯಡ್. ಬೋರ್ಡಿನ ಮೇಲೆ ಹದಿಮೂರು ಸೀಮೆಗಳನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲವರಾಗಿದ್ದರು. ಆಮೇಲೆ ಘೋಷಣೆಯ ಕಾಗದಕ್ಕೆ ಸಹಿ ಹಾಕಿದ ಐವತ್ತಾರು ಜನರ ಹೆಸರನ್ನು ಉತ್ತರದ ಸೀಮೆಯಿಂದ ದಕ್ಷಿಣಕ್ಕೆ ಇಳಿಯುತ್ತಾ, ಮಗ್ಗಿ ಒಪ್ಪಿಸುವಂತೆ ಒಂದೇ ಉಸಿರಿಗೆ ಹೇಳುತ್ತಿದ್ದರು. ನಾವು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದೆವು. ಅವರಿಗೆ ಆ ಮನುಷ್ಯರ ಕೈಗಳೂ ಗೊತ್ತಿದ್ದವು. ರೋಡ್ ಐಲೆಂಡ್ ಸೀಮೆಯ ಮುದುಕನೊಬ್ಬನಿಗೆ ಕೈನಡುಕವಂತೆ, ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಸಹಿ ಹಾಕಿದನಂತೆ. ಹೇಳುವಾಗ ಮೇಷ್ಟ್ರೂ ಹಾಗೆಯೇ ಕೈ ಹಿಡಿದು ತೋರಿಸುತ್ತಿದ್ದರು.

‘ರಾಜನ ಸೈನ್ಯ ಆಗಲೇ ಹಡಗಲ್ಲಿ ಬಂದು ಇಳಿದಿತ್ತು. ಎಷ್ಟು ದೂರ? ಇಲ್ಲಿಂದ ಮಂಡ್ಯದಷ್ಟು. ಸೋತರೆ ಇವರಿಗೆ ನೇಣು. ಅದು ಗೊತ್ತಿದ್ದೂ ಆ ಕಾಗದದ ಕೊನೇ ಸಾಲಲ್ಲಿ ಮೂರು ವಸ್ತು ಅಡ ಇಟ್ಟರು. ಪ್ರಾಣ, ಆಸ್ತಿ, ಮಾನ.’

ಪ್ರಾಣಕ್ಕೆ ಒಂದು ಬೆರಳು ಎತ್ತುತ್ತಿದ್ದರು, ಆಸ್ತಿಗೆ ಇನ್ನೊಂದು. ಮಾನ ಎನ್ನುವಾಗ ಮಾತ್ರ ಬೆರಳು ಏಳುತ್ತಿರಲಿಲ್ಲ. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಿಚಿ, ಕೈಯನ್ನು ಬೆನ್ನ ಹಿಂದಕ್ಕೆ ಒಯ್ಯುತ್ತಿದ್ದರು. ಆಟದ ಬಯಲಿನಲ್ಲಿ ನಾವೆಲ್ಲ ಅದನ್ನು ಅಣಕಿಸಿ ನಕ್ಕಿದ್ದೇವೆ. ನಾನೂ ನಕ್ಕಿದ್ದೇನೆ.

ಆದರೆ ಮೇಷ್ಟ್ರು ಆ ಐವತ್ತಾರು ಜನರನ್ನು ದೇವರು ಮಾಡಿದವರಲ್ಲ. ‘ಅವರೆಲ್ಲ ಹಾಳಾಗಿ ಹೋದರು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಕೆಲವರ ಮನೆ ಲೂಟಿಯಾಯಿತು, ಕೆಲವರು ಸೆರೆ ಸಿಕ್ಕರು. ಬಹಳ ಜನ ಬಾಳಿ ಬದುಕಿ ಹಾಸಿಗೆ ಮೇಲೆ ಸತ್ತರು. ಆದರೆ ಸಹಿ ಹಾಕುವಾಗ ಅದು ಅವರಿಗೆ ಗೊತ್ತಿರಲಿಲ್ಲವಲ್ಲ! ಲೆಕ್ಕಕ್ಕೆ ಬರೋದು ಅಷ್ಟೇ. ಇನ್ನೊಂದು ಬರಕೊಳ್ಳಿ. ಎಲ್ಲ ಮನುಷ್ಯರೂ ಸಮ ಅಂತ ಬರೆದ ಆ ಕಾಗದಕ್ಕೆ ಸಹಿ ಹಾಕಿದೋರಲ್ಲಿ ಎಷ್ಟೋ ಜನರ ಮನೇಲಿ ಗುಲಾಮರಿದ್ದರು. ಅದನ್ನೂ ಬರಕೊಳ್ಳಿ.’ ಬರೆದುಕೊಂಡೆವು.

ಈಗ ಮುಖ್ಯವಾದ ಪುಟಕ್ಕೆ ಬರುತ್ತೇನೆ. 1965, ಜನವರಿ 21, ಗುರುವಾರ, ಎರಡನೇ ಪಿರಿಯಡ್. ಮೇಷ್ಟ್ರು ಹೆಸರುಗಳನ್ನು ಹೇಳಿದರು. ನಾನು ನನ್ನ ಪಾಡಿಗೆ ಪುಸ್ತಕದ ಅಂಚಿನಲ್ಲಿ ನಾಲ್ಕು ಗೀಟು, ಅಡ್ಡ ಒಂದು ಗೀಟು ಎಂದು ಎಣಿಸುತ್ತಾ ಹೋದೆ. ಕೂಡಿಸಿ ನೋಡಿದರೆ ಐವತ್ತೈದು.

‘ಸಾರ್, ಒಂದು ಕಮ್ಮಿ ಬಂತು.’

ಸೀಮೆಸುಣ್ಣ ನಿಂತಿತು. ‘ಎಣಿಸಿದೆಯಾ?’

‘ಎಣಿಸಿದೆ ಸಾರ್.’

‘ಇಷ್ಟು ವರ್ಷದಲ್ಲಿ ಎಣಿಸಿದೋನು ನೀನೊಬ್ಬನೇ’ ಎಂದರು. ಹೊಗಳಿದರೋ ಬೇಜಾರು ಮಾಡಿಕೊಂಡರೋ ತಿಳಿಯಲಿಲ್ಲ. ಮೇಜಿಗೆ ಒರಗಿ ನಿಂತು ಹೇಳಿದರು. ಬಿಟ್ಟುಹೋದವನು ನ್ಯೂಜೆರ್ಸಿ ಸೀಮೆಯ ಒಬ್ಬ ವಕೀಲ. ಸಹಿ ಹಾಕಿದ ವರ್ಷವೇ ಚಳಿಗಾಲದಲ್ಲಿ ರಾಜನ ಕಡೆಯವರ ಕೈಗೆ ಸಿಕ್ಕಿದ. ಸೆರೆಮನೆ, ಚಳಿ, ಹಸಿವು. ಕೊನೆಗೆ, ಇನ್ನು ಮೇಲೆ ರಾಜನಿಗೆ ಎದುರು ನಿಲ್ಲುವುದಿಲ್ಲವೆಂದು ಒಪ್ಪಿಕೊಂಡು ಹೊರಗೆ ಬಂದನಂತೆ. ಬಹಳ ಜನ ಹಾಗೆ ಬರೆದಿದ್ದಾರೆ, ಇಲ್ಲವೆನ್ನುವವರೂ ಇದ್ದಾರೆ. ಮನೆಗೆ ಬಂದು ಕೆಲವೇ ವರ್ಷಕ್ಕೆ ಸತ್ತ.

‘ಅವನ ಹೆಸರು ಹೇಳಬೇಕೋ ಬಿಡಬೇಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ನೀವು ಹೇಳಿ. ಬಿಡಬೇಕು ಅನ್ನೋರು ಕೈ ಎತ್ತಿ.’

ಎಣಿಸುವ ಕೆಲಸ ನನ್ನದು. ಬಿಡಬೇಕೆಂದವರು ಮೂವತ್ತೊಂದು. ಅದರಲ್ಲಿ ನನ್ನದೂ ಒಂದು ಕೈ. ಇರಲಿ ಎಂದವರು ಒಂಬತ್ತು.

ಹಿಂದಿನ ಬೆಂಚಿನ ಗೆಳೆಯ ಸುಮ್ಮನಿರಲಿಲ್ಲ. ‘ಸಾರ್, ನಿಮ್ಮ ಓಟು?’

‘ನಾನು ಓಟು ಹಾಕೋ ಹಾಗಿಲ್ಲಪ್ಪ’ ಎಂದರು. ಗಂಟೆ ಹೊಡೆಯಿತು. ಮುಂದಿನ ದಿನ ಫ್ರಾನ್ಸ್ ದೇಶದ ಪಾಠ.

ಇನ್ನೊಂದು ಸಣ್ಣ ಸಂಗತಿ ದಿನಚರಿಯಲ್ಲಿ ಮೂರು ವರ್ಷ ಸಾಲಾಗಿ ಸಿಗುತ್ತದೆ. ಆಗಸ್ಟ್ 15ರಂದು ಬಾವುಟ ಏರಿಸಿದ ಮೇಲೆ ಎಲ್ಲರಿಗೂ ಬೂಂದಿ ಹಂಚುತ್ತಿದ್ದರು. ಮೇಷ್ಟ್ರು ತಮ್ಮ ಪಾಲನ್ನು ತಿನ್ನದೆ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ನೇಕಾರರ ಬೀದಿಯ ಕಡೆಗೆ ಹೋಗುತ್ತಿದ್ದರು. ಅಲ್ಲಿ ಅವರಿಗೆ ನೆಂಟರಿಲ್ಲ. ಯಾರಿಗೋ ಏನೋ ಎಂದುಕೊಂಡು ಬಿಟ್ಟಿದ್ದೆ.

1972. ನಾನು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿ ಎರಡು ವರ್ಷವಾಗಿತ್ತು. ಸ್ವಾತಂತ್ರ್ಯ ಬಂದು ಇಪ್ಪತ್ತೈದು ವರ್ಷವಾದ ನೆನಪಿಗೆ ಊರಿನಲ್ಲಿ ಒಂದು ಕಲ್ಲು ನಿಲ್ಲಿಸಿ, ಹೋರಾಟದಲ್ಲಿ ಜೈಲಿಗೆ ಹೋದವರ ಹೆಸರು ಕೆತ್ತಿಸಬೇಕೆಂದಾಯಿತು. ತಹಸೀಲ್ದಾರರು ಅಧ್ಯಕ್ಷರು. ಊರಿನ ಹಿರಿಯರು ಕೆಲವರು ಸಮಿತಿಯಲ್ಲಿ. ಅರ್ಜಿ ತೆಗೆದುಕೊಂಡು, ಜೈಲಿನಿಂದ ದಾಖಲೆ ತರಿಸಿ, ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಮೇಷ್ಟ್ರು ನಲವತ್ತೆರಡರ ಚಳವಳಿಯಲ್ಲಿ ಓದು ಬಿಟ್ಟು ಜೈಲಿಗೆ ಹೋಗಿದ್ದರೆಂದು ಯಾರ ಬಾಯಿಂದಲೋ ಕೇಳಿದ್ದೆ. ಅವರು ಅರ್ಜಿ ಹಾಕಲಿಲ್ಲ. ಅವರನ್ನು ಕೇಳದೆ ನಾನೇ ಅವರ ಹೆಸರಿಗೆ ದಾಖಲೆ ತರಿಸಿದೆ. ಒಳಗೆ ಹೋದ ತಾರೀಖು, ಹೊರಗೆ ಬಂದ ತಾರೀಖು, ಒಟ್ಟು ಹತ್ತೊಂಬತ್ತು ದಿನ. ಬೇರೇನೂ ಇರಲಿಲ್ಲ. ಪಟ್ಟಿಯಲ್ಲಿ ಹದಿನಾಲ್ಕನೆಯದಾಗಿ ಅವರ ಹೆಸರನ್ನು ದುಂಡಗೆ ಬರೆದೆ. ಜುಲೈ 22ರ ಶನಿವಾರ ವಿಚಾರಣೆಯ ಸಭೆಗೆ ಬರಬೇಕೆಂದು ಮನೆಗೆ ಹೋಗಿ ಕರೆದೆ. ಯಾಕೆಂದು ಹೇಳಲಿಲ್ಲ. ಆಶ್ಚರ್ಯಪಡಿಸಬೇಕೆಂದಿದ್ದೆ.

ಅವತ್ತು ಹನ್ನೊಂದೂವರೆಯ ಹೊತ್ತಿಗೆ ಹದಿನಾಲ್ಕನೇ ಹೆಸರು ಓದಿದರು. ಸಭೆ ಚಪ್ಪಾಳೆ ತಟ್ಟಿತು. ಕೊನೆಯ ಬೆಂಚಿನಲ್ಲಿದ್ದ ಮೇಷ್ಟ್ರು ನನ್ನ ಕಡೆ ನೋಡಿದರು. ಆ ನೋಟವನ್ನು ನಾನು ಸಂತೋಷವೆಂದು ತಿಳಿದೆ.

ಉಳಿದದ್ದು ಒಂದೇ ಅರ್ಜಿ. ನೇಕಾರರ ಬೀದಿಯ ಒಬ್ಬ ವಿಧವೆಯದು, ಐವತ್ತೈದರ ಆಸುಪಾಸಿನ ಹೆಂಗಸು. ಗಂಡ ಏಳು ತಿಂಗಳು ಜೈಲಿನಲ್ಲಿದ್ದ, ಆಮೇಲೆ ಒಂಬತ್ತು ವರ್ಷಕ್ಕೆ ಸತ್ತ, ಅವನ ಹೆಸರು ಕಲ್ಲಿನ ಮೇಲೆ ಬರಬೇಕು ಎಂದು ಕೇಳಿದ್ದಳು. ಆದರೆ ಆ ಹೆಸರಿನವನು ಜೈಲಿನ ದಾಖಲೆಯಲ್ಲಿಲ್ಲ. ಅದೇ ಬೀದಿ, ಅದೇ ಮನೆಯ ವಿಳಾಸದಲ್ಲಿ ಇದ್ದುದು ಅವನ ಅಣ್ಣನ ಹೆಸರು. ಪುರಸಭೆಯ ಮರಣದ ಪುಸ್ತಕದ ಪ್ರಕಾರ ಆ ಅಣ್ಣ ಸತ್ತದ್ದು 1938ರಲ್ಲಿ.

ಸಮಿತಿಯ ಹಿರಿಯರೊಬ್ಬರು, ಖಾದಿ ಜುಬ್ಬದವರು, ನಕ್ಕರು. ‘ಏನಮ್ಮಾ, ನಿಮ್ಮನೇಲಿ ಸತ್ತೋರೂ ಜೈಲಿಗೆ ಹೋಗ್ತಾರಾ?’

ಸಭೆಯೂ ನಕ್ಕಿತು. ಆಕೆ ಸೆರಗು ಬಿಗಿ ಮಾಡಿಕೊಂಡಳು.

‘ಅಣ್ಣನ ಹೆಸ್ರು ಹೇಳಿದ್ದು ನಮ್ಮೆಜಮಾನ್ರೇ ಸಾಮಿ. ಜೈಲಿಗೋದೋರ ಮನೆಗೆ ಸಾವ್ಕಾರ್ರು ನೂಲು ಕೊಡ್ತಿರ್ಲಿಲ್ಲ. ನೂಲು ನಿಂತ್ರೆ ಮಗ್ಗ ನಿಂತಂಗೆ. ಎರಡು ಕೂಸು, ಅತ್ತೆ, ನಾನು. ಬಟ್ಟೆ ಮಾರಾಕೆ ತಮಿಳು ಸೀಮೆಗೆ ಹೋಗವ್ರೆ ಅಂತ ಎಲ್ರಿಗೂ ಹೇಳ್ಕಂಡಿದ್ದೆ. ಏಳು ತಿಂಗ್ಳೂ ನಾನೇ ಮಗ್ಗ ಹೊಡ್ದೆ.’

‘ಅಲ್ಲಿದ್ದೋನು ನಿನ್ನ ಗಂಡನೇ ಅನ್ನೋದಕ್ಕೆ ಸಾಕ್ಷಿ ಯಾರು? ಜೊತೇಲಿ ಯಾರಿದ್ರು?’

ಆಕೆ ತಲೆ ತಗ್ಗಿಸಿದಳು. ‘ಯಾರೂ ಇಲ್ಲ ಸಾಮಿ’ ಎಂದಳು.

ತಹಸೀಲ್ದಾರರು ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. ಆಗ ಹಿಂದಿನಿಂದ ಬೆಂಚು ಸರಿದ ಶಬ್ದ ಬಂತು.

‘ನಾನಿದ್ದೆ’ ಎಂದರು ಮೇಷ್ಟ್ರು.

ಮುಂದಕ್ಕೆ ಬಂದು ಮೇಜಿನ ಎದುರು ನಿಂತರು. ದನಿ ಮೆತ್ತಗಿತ್ತು. ‘ಆ ಅಣ್ಣನ ಹೆಸರಲ್ಲಿ ಒಳಗಿದ್ದವನು ಈ ತಾಯಿಯ ಗಂಡ. ಒಂದೇ ಕೋಣೆಯಲ್ಲಿದ್ದೆವು.’

ಖಾದಿ ಜುಬ್ಬದವರು ಬಿಡಲಿಲ್ಲ. ‘ಅದು ಸುಳ್ಳು ಹೆಸರು ಅಂತ ನಿಮಗೆ ಹೇಗೆ ಗೊತ್ತು ಮೇಷ್ಟ್ರೇ? ಅವನು ಪೊಲೀಸರಿಗೂ ಹೇಳಿರಲಿಲ್ಲ.’

‘ಹತ್ತೊಂಬತ್ತನೇ ದಿನ ಅಧಿಕಾರಿ ಎರಡು ಕಾಗದ ತಂದರು. ತಪ್ಪಾಯಿತು, ಇನ್ನು ಮೇಲೆ ಇಂಥದ್ದರಲ್ಲಿ ಸೇರುವುದಿಲ್ಲ ಅಂತ ಮುಚ್ಚಳಿಕೆ. ಕೊಟ್ಟರೆ ಅವತ್ತೇ ಬಿಡುಗಡೆ. ಒಂದು ಅವನಿಗೆ, ಒಂದು ನನಗೆ. ಅವನಿಗೆ ಅಕ್ಷರ ಬರುತ್ತಿರಲಿಲ್ಲ. ಏನ್ ಬರ್ದವ್ರೆ ಓದಪ್ಪ ಅಂದ. ಓದಿದೆ. ಇನ್ನೊಂದ್ ಸಲ ಓದು ಅಂದ. ಮತ್ತೆ ಓದಿದೆ. ಆಮೇಲೆ ನನ್ನ ಕಿವಿಯಲ್ಲಿ, ಈ ಹೆಸರು ನಂದಲ್ಲ, ಸತ್ತ ಅಣ್ಣಂದು ಅಂತ ಹೇಳಿದ. ಹಾಗಿದ್ದರೆ ಇನ್ನೂ ಸುಲಭ, ನಿನ್ನದಲ್ಲದ ಹೆಸರಿಗೆ ಹೆಬ್ಬೆಟ್ಟು ಒತ್ತಿದರೆ ನಿನಗೆ ಹೋಗೋದೇನು, ಒತ್ತಿಬಿಡು ಅಂದೆ.’

ಇಲ್ಲಿ ಅವರು ನಿಲ್ಲಿಸಿದರು. ಬಲಗೈ ತಾನಾಗಿಯೇ ಮುಷ್ಟಿಯಾಯಿತು. ಹೆಬ್ಬೆಟ್ಟು ಒಳಗೆ ಹೋಯಿತು. ಕೈ ಬೆನ್ನ ಹಿಂದಕ್ಕೆ ಸರಿಯಿತು.

‘ಹೆಸ್ರು ಅಣ್ಣಂದು, ಹೆಬ್ಬೆಟ್ಟು ನಂದಲ್ವೇನಪ್ಪಾ ಅಂದ. ಹೀಗೆ ಮಡಿಚಿಕೊಂಡು ನಿಂತ. ಶಾಯಿ ತಂದಿದ್ದವರು ವಾಪಸ್ಸು ಹೋದರು.’

‘ಇನ್ನೊಂದು ಕಾಗದ?’ ಎಂದರು ತಹಸೀಲ್ದಾರರು.

‘ಅದಕ್ಕೆ ನಾನು ಸಹಿ ಹಾಕಿದೆ. ಎರಡು ಸಲ ಓದಿ, ಅದರಲ್ಲಿ ಏನಿದೆ ಅಂತ ತಿಳಿದೇ ಹಾಕಿದೆ. ಸಾಯಂಕಾಲ ನಾಲ್ಕು ಗಂಟೆಗೆ ಹೊರಗೆ ಬಂದೆ. ಹದಿನಾಲ್ಕನೇ ಹೆಸರು ಹೊಡೆದುಹಾಕಿ. ಅಲ್ಲಿ ಇವನ ಹೆಸರು ಬರಬೇಕು.’

ಗೋಡೆಯ ಗಡಿಯಾರದಲ್ಲಿ 11 ಗಂಟೆ 52 ನಿಮಿಷ. ಖಾದಿ ಜುಬ್ಬದವರು, ‘ಮುಚ್ಚಳಿಕೆ ಕೊಟ್ಟು ಬಂದೋರ ಸಾಕ್ಷಿ ಎಷ್ಟು ಮಟ್ಟಿಗೆ ನಂಬೋದು?’ ಎಂದರು. ತಹಸೀಲ್ದಾರರು ಪೆನ್ನಿನ ಮುಚ್ಚಳ ತೆಗೆಯುತ್ತಾ ಹೇಳಿದರು: ‘ಸುಳ್ಳು ಸಾಕ್ಷಿ ಹೇಳೋರು ಏನಾದರೂ ಲಾಭ ಇದ್ದರೆ ಹೇಳ್ತಾರೆ. ಇವರು ಇಲ್ಲಿ ಕಳಕೊಂಡಿದ್ದನ್ನ ನಾವೆಲ್ಲ ನೋಡಿದ್ವಲ್ಲ ಸ್ವಾಮಿ.’ ಅರ್ಜಿ ಮಂಜೂರಾಯಿತು. ಹದಿನಾಲ್ಕನೆಯ ಹೆಸರಿನ ಮೇಲೆ ಗೀಟು ಎಳೆಯಬೇಕಾದವನು ನಾನು. ಎಳೆದೆ. ಅದರ ಕೆಳಗೆ ಇನ್ನೊಂದು ಹೆಸರು ಬರೆದೆ. ಒಟ್ಟು ಸಂಖ್ಯೆ ಬದಲಾಗಲಿಲ್ಲ, ಹದಿನಾಲ್ಕೇ ಉಳಿಯಿತು.

ಸಭೆ ಮುಗಿದ ಮೇಲೆ ಅವರ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಕೇಳದೆ ಹೆಸರು ಸೇರಿಸಿದ್ದಕ್ಕೆ ಕ್ಷಮೆ ಕೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಬೇರೆ ಮಾತು. ‘ಸಾರ್, ಅವತ್ತು ಯಾಕೆ ಸಹಿ ಹಾಕಿದಿರಿ?’

‘ಕಾರಣ ಕೇಳಬೇಡ. ಹೇಳೋಕೆ ಕೂತರೆ ಕಾರಣ ಚೆನ್ನಾಗೇ ಇರುತ್ತೆ’ ಎಂದರು. ಸ್ವಲ್ಪ ದೂರ ಹೋದ ಮೇಲೆ ತಾವೇ ಮಾತು ತೆಗೆದರು. ‘ಆ ಐವತ್ತಾರು ಜನರ ಮೂರು ವಸ್ತುಗಳಲ್ಲಿ ಪ್ರಾಣ, ಆಸ್ತಿ ಇನ್ನೊಬ್ಬರು ಕಿತ್ತುಕೊಳ್ಳಬಹುದು. ಮೂರನೇದನ್ನ ಯಾರೂ ಕಿತ್ತುಕೊಳ್ಳೋಕಾಗಲ್ಲ, ನಾವೇ ಕೊಡಬೇಕು. ಈಗಿನ ಕಾಲದಲ್ಲಿ ನಿನ್ನ ಪ್ರಾಣ ಕೇಳೋಕೆ ಯಾರೂ ಬರಲ್ಲ. ಇಲ್ಲೊಂದು ಸಹಿ ಹಾಕಿ ಅಂತ ಮಾತ್ರ ದಿನಾ ಬರ್ತಾರೆ. ನೀನು ಗುಮಾಸ್ತ, ನಿನ್ನ ಹತ್ರ ಜಾಸ್ತಿ ಬರ್ತಾರೆ.’

ಆಮೇಲಿನ ದಿನಗಳು ಅವರಿಗೆ ಸುಲಭವಾಗಿರಲಿಲ್ಲ. ಕಾಫಿ ಹೋಟೆಲಿನಲ್ಲಿ ಅವರು ಬಂದಾಗ ಮಾತು ನಿಂತದ್ದನ್ನು ನಾನೇ ನಾಲ್ಕು ಸಲ ಬರೆದಿದ್ದೇನೆ. ಪ್ರತಿವರ್ಷ ಶಾಲೆಯಲ್ಲಿ ಬಾವುಟದ ದಿನ ಅವರದೇ ಭಾಷಣ. ಆ ವರ್ಷ ಕರೆಯಲಿಲ್ಲ.

1972 ಆಗಸ್ಟ್ 15, ಮಂಗಳವಾರ. ಕಲ್ಲಿನ ಮೇಲಿದ್ದ ಬಟ್ಟೆ ತೆಗೆದು, ಜನ ಚದುರಿದ ಮೇಲೆ, ಆ ವಿಧವೆ ಕಲ್ಲಿನ ಮುಂದೆ ನಿಂತಿದ್ದಳು. ಮೇಷ್ಟ್ರು ದೂರದಲ್ಲಿ ನಿಂತಿದ್ದರು. ಆಕೆಯೇ ಕರೆದಳು.

‘ಬನ್ನಿ ಮೇಷ್ಟ್ರೇ. ಯಾವ್ದು ಅವ್ರದ್ದು?’

ಅವರು ಕೊನೆಯ ಸಾಲು ತೋರಿಸಿದರು. ಆಕೆ ಅಕ್ಷರಗಳ ಹಳ್ಳದೊಳಗೆ ಹೆಬ್ಬೆಟ್ಟು ಇಟ್ಟು ಮೆಲ್ಲಗೆ ಎಳೆದಳು, ಎಡದಿಂದ ಬಲಕ್ಕೆ ಪೂರ್ತಿ.

‘ನಾನೇ ನಿಮ್ಮ ಹೆಸ್ರು ಎತ್ತಿರ್ಲಿಲ್ವಲ್ಲ. ಯಾಕ್ ಹೇಳ್ಬಿಟ್ರಿ?’

‘ನೀನು ಎತ್ತಿದ್ದಿದ್ರೆ ಸುಮ್ಮನೆ ಕೂತಿರ್ತಿದ್ದೆನೋ ಏನೋ ಕಣಮ್ಮ’ ಎಂದರು.

ಆಕೆ ಸೆರಗಿನ ತುದಿ ಬಿಚ್ಚಿದಳು. ಅವತ್ತು ಹಂಚಿದ್ದ ಬೂಂದಿ. ‘ಇಪ್ಪತ್ತು ವರ್ಸದಿಂದ ನೀವು ತರ್ತಿದ್ರಿ. ಇವತ್ತು ನಂದು ತಿನ್ನಿ’ ಎಂದಳು. ಅವರು ಅಲ್ಲೇ ಕಲ್ಲಿನ ಮುಂದೆ ನಿಂತು, ಒಂದು ಕಾಳೂ ಬಿಡದೆ ತಿಂದರು. ನಾನು ಹತ್ತು ಮಾರು ದೂರದಲ್ಲಿದ್ದೆ. ಅವರು ತಿಂದ ಬೂಂದಿ ಅದೊಂದನ್ನೇ ನಾನು ನೋಡಿದ್ದು.

ನೇಕಾರನ ಹೆಸರನ್ನು ನಾನಿಲ್ಲಿ ಬರೆಯುವ ಅಗತ್ಯವಿಲ್ಲ. ಕಲ್ಲು ಇದೆ, ಬಂದು ಓದಿ. ಮೇಷ್ಟ್ರ ಹೆಸರನ್ನು ಹೊಡೆದುಹಾಕಿ ಎಂದು ಅವರೇ ಹೇಳಿದ್ದರು. ಒಮ್ಮೆ ನನ್ನ ಕೈಯಿಂದಲೇ ಹೊಡೆದುಹಾಕಿದ್ದೇನೆ. ಅವರ ಅಪ್ಪಣೆಯಿಲ್ಲದೆ ಎರಡನೇ ಸಲ ಬರೆಯಲಾರೆ.

ಜೂನ್ 13ರ ಸಾಯಂಕಾಲ ಮಣ್ಣಿಗೆ ಬಂದವರು ಇಪ್ಪತ್ತಮೂರು ಜನ. ಕಡಿಮೆಯೇ. ಆದರೆ ಹೆಣ ನೇಕಾರರ ಬೀದಿಯನ್ನು ದಾಟುವಾಗ ಯಾವ ಮನೆಯಿಂದಲೂ ಮಗ್ಗದ ಸದ್ದು ಬರಲಿಲ್ಲ. ಆ ಬೀದಿಯಲ್ಲಿ ಅಂಥ ಮೌನವನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಇವತ್ತು ಬೆಳಿಗ್ಗೆ 1965ರ ಪುಸ್ತಕ ತೆಗೆದೆ. ಹಳೆಯ ಲೆಕ್ಕ ತಿದ್ದುವ ಅಭ್ಯಾಸ ನನಗಿಲ್ಲ. 31, 9 ಎಂದು ಬರೆದದ್ದು ಹಾಗೆಯೇ ಇದೆ. ಪಕ್ಕದಲ್ಲಿ ಇವತ್ತಿನ ತಾರೀಖು ಹಾಕಿ ಬರೆದೆ: ‘ಇರಲಿ ಎನ್ನುವವರಲ್ಲಿ ನನ್ನನ್ನೂ ಸೇರಿಸಿಕೊಳ್ಳಿ. 30, 10.’ ಎರಡು ಸಲ ಓದಿದೆ. ಸಹಿ ಹಾಕಿದೆ.

ಆಗ ಒಂದು ತಪ್ಪು ಕಣ್ಣಿಗೆ ಬಿತ್ತು. ಅವತ್ತು ಕೈಗಳನ್ನು ಎಣಿಸಿದೆ, ಯಾರ ಕೈಗಳೆಂದು ಬರೆದುಕೊಳ್ಳಲಿಲ್ಲ. ಹದಿನಾಲ್ಕು, ಹದಿನೈದು ವರ್ಷದ ಒಂಬತ್ತು ಮಕ್ಕಳಿಗೆ ಅವತ್ತೇ ತಿಳಿದದ್ದು ನನಗೆ ತಿಳಿಯಲು ಹನ್ನೊಂದು ವರ್ಷ ಬೇಕಾಯಿತು. ಅವರು ಯಾರೋ ನನಗೆ ಗೊತ್ತಿಲ್ಲ. 1965ರ ಜನವರಿ 21ರ ಗುರುವಾರ, ಎರಡನೇ ಪಿರಿಯಡ್‌ನಲ್ಲಿ, ಆ ವಕೀಲನ ಹೆಸರು ಇರಲಿ ಎಂದು ಕೈ ಎತ್ತಿದವರಲ್ಲಿ ನೀವೊಬ್ಬರಾಗಿದ್ದರೆ, ಅಥವಾ ಪಕ್ಕದಲ್ಲಿ ಕೂತು ನೋಡಿದವರಾಗಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೊಂದು ಕಾರ್ಡು ಬರೆಯಿರಿ. ಪುಟದಲ್ಲಿ ಒಂಬತ್ತು ಸಾಲು ಖಾಲಿ ಬಿಟ್ಟಿದ್ದೇನೆ.